ಹದಿನಾರು ಮೊಳೆ, ಎರಡು ಹಗ್ಗ, ಮಾಮಾನ ಎರೆಹೊಲ

ಐಸ್‌ಲ್ಯಾಂಡನ್ನು ನಾನು ಕಣ್ಣಾರೆ ನೋಡಿಲ್ಲ. ಆದರೂ ಆ ದೇಶದ ಉತ್ತರಕ್ಕಿರುವ ಕ್ರಾಫ್ಲಾ ಜ್ವಾಲಾಮುಖಿಯ ಸುತ್ತ ನೆಲ ಬಾಯಿಬಿಟ್ಟ ಬಿರುಕುಗಳಲ್ಲಿ ಇನ್ನೂರಕ್ಕೂ ಹೆಚ್ಚನ್ನು ಕಲಬುರಗಿಯ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಅಳೆದಿದ್ದೇನೆ. ಭೂವಿಜ್ಞಾನ ಎಂ.ಎಸ್ಸಿ. ಕೊನೆಯ ವರ್ಷದ ಪ್ರಬಂಧಕ್ಕೆ ಮಾಡಿದ ಕೆಲಸ ಅದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ವೈಮಾನಿಕ ಚಿತ್ರಗಳು, ನೆಲದ ಎತ್ತರ ಹೇಳುವ ಆರ್ಕ್ಟಿಕ್‌ಡೆಮ್ ನಕ್ಷೆ, ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ, ಒಂದು ಹಳೆಯ ಲ್ಯಾಪ್‌ಟಾಪು. ಇಷ್ಟಿದ್ದರೆ ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ. ಆ ಅಳತೆಯನ್ನು ನಾನು ನಿಜವಾಗಿ ಕಲಿತದ್ದು ಚಿಂಚೋಳಿ ತಾಲ್ಲೂಕಿನ ನಮ್ಮ ಮಾಮಾನ ಎರೆಹೊಲದಲ್ಲಿ, 2024ರ ಬೇಸಿಗೆಯಲ್ಲಿ. ಕಲಿಯುವ ಹೊತ್ತಿನಲ್ಲಿ ಒಂದು ತಪ್ಪೂ ಆಯಿತು. ಆ ತಪ್ಪು ನನ್ನ ವಹಿಯೊಳಗೇ ಉಳಿಯದೆ ಊರ ತುಂಬ ಹಬ್ಬಿತು. ಅದನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಕ್ರಾಫ್ಲಾದ ವಿಷಯ. ಐಸ್‌ಲ್ಯಾಂಡಿನ ನಡುವೆ ಎರಡು ಭೂಫಲಕಗಳು, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ಹೋಳುಗಳು, ವರ್ಷಕ್ಕೆ ಹತ್ತಿರ ಹತ್ತಿರ 2 ಸೆಂಟಿಮೀಟರಿನಂತೆ ಒಂದರಿಂದ ಒಂದು ದೂರ ಸರಿಯುತ್ತವೆ. ಸರಿದದ್ದು ದಿನವೂ ಕಣ್ಣಿಗೆ ಕಾಣುವುದಿಲ್ಲ. ನೂರಾರು ವರ್ಷ ಎಳೆತ ಕೂಡುತ್ತಾ ಹೋಗಿ ಒಂದು ದಿನ ಆಳದ ಶಿಲಾರಸ, ಅಂದರೆ ಕರಗಿದ ಕಲ್ಲು, ಬಂಡೆಯನ್ನು ಸೀಳಿಕೊಂಡು ನಿಂತ ಗೋಡೆಯ ಆಕಾರದಲ್ಲಿ ಮೇಲಕ್ಕೂ ಪಕ್ಕಕ್ಕೂ ನುಗ್ಗುತ್ತದೆ. ಆ ಗೋಡೆಗೆ ಡೈಕ್ ಅನ್ನುತ್ತಾರೆ. ಡೈಕ್ ಮೇಲಿನ ನೆಲ ಎರಡೂ ಕಡೆಗೆ ಜಗ್ಗಿ ಬಿರಿಯುತ್ತದೆ, ನಡುವಿನ ಪಟ್ಟಿ ಕುಸಿಯುತ್ತದೆ. ಕ್ರಾಫ್ಲಾದಲ್ಲಿ ಇದು 1975ರ ಡಿಸೆಂಬರಿನಲ್ಲಿ ಶುರುವಾಗಿ 1984ರ ಸೆಪ್ಟೆಂಬರಿನವರೆಗೆ ನಡೆಯಿತು. ಒಂಬತ್ತು ಸಲ ಲಾವಾ ಹೊರಬಂತು. ಅದಕ್ಕಿಂತ ಹೆಚ್ಚು ಸಲ ಶಿಲಾರಸ ಮೇಲೆ ಬರದೆ ಒಳಗೊಳಗೇ ಹರಿದು ನೆಲವನ್ನು ಮಾತ್ರ ಅಗಲ ಮಾಡಿತು. ಕೆಲವು ಕಡೆ ಒಟ್ಟು 8 ಮೀಟರಿನಷ್ಟು. 1977ರ ಸೆಪ್ಟೆಂಬರಿನಲ್ಲಂತೂ ಹೀಗೆ ಹರಿದ ಶಿಲಾರಸ ಉಗಿಗಾಗಿ ಕೊರೆದ, ಸಾವಿರ ಮೀಟರಿಗೂ ಆಳದ ಒಂದು ಕೊಳವೆಬಾವಿಗೆ ಅಡ್ಡ ಬಂದು ಅದರ ಬಾಯಿಂದ ಮೇಲಕ್ಕೆ ಚಿಮ್ಮಿತು. ಹೊರಬಿದ್ದದ್ದು ಮೂರು ಟನ್ನಿನಷ್ಟು. ಬೋರು ಹೊಡೆಸಿ ನೀರಿಗಾಗಿ ಕಾಯುವ ನಮ್ಮ ಕಡೆಯ ಜನಕ್ಕೆ ಇದನ್ನು ಹೇಳಿದರೆ ಬಾಯಿಮೇಲೆ ಬೆರಳಿಡುತ್ತಾರೆ.

ಇಂಥ ಬಿರುಕಿನಲ್ಲಿ ಅಳೆಯುವುದೇನು? ಉದ್ದ, ಅಗಲ, ಆಳ, ಅದು ಹಾಯ್ದ ದಿಕ್ಕು, ಎರಡು ದಡಗಳ ಎತ್ತರದ ವ್ಯತ್ಯಾಸ. ಮೊದಲ ತಿಂಗಳು ನಾನು ತೆರೆಯ ಮೇಲೆ ಬಿರುಕಿನ ಗುಂಟ ಗೆರೆ ಎಳೆಯುತ್ತಾ, ಅಡ್ಡಕ್ಕೆ ಗೆರೆ ಹಾಕಿ ಅಗಲ ಬರೆಯುತ್ತಾ ಹೋದೆ. ದೊಡ್ಡದೊಂದು ಕೋಷ್ಟಕ ಆಯಿತು. ಅದನ್ನು ಹಿಡಿದು ನಮ್ಮ ಮಾರ್ಗದರ್ಶಕರ ಬಳಿ ಹೋದೆ. ಅವರು ಎರಡು ಪುಟ ತಿರುವಿ, ಒಂದು ಅಂಕಿಯ ಮೇಲೆ ಬೆರಳಿಟ್ಟು ಕೇಳಿದರು: “1.6 ಮೀಟರ್ ಅಗಲ ಅಂತ ಬರ್ದೀಯಲ್ಲ, ಈ ದಡದ ಯಾವ ಚುಕ್ಕಿಯಿಂದ ಆ ದಡದ ಯಾವ ಚುಕ್ಕಿಗೆ?”

“ನೇರ ಎದುರಿನ ಚುಕ್ಕಿಗೆ ಸರ್.”

“ಎದುರಿಗಿರೋದು ಇವತ್ತು ಎದುರಿಗೈತಿ. ಬಿರಿಯೋಕಿಂತ ಮೊದಲು ಅವೆರಡೂ ಕೂಡಿದ್ವೇನು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ. “ನಿಮ್ಮ ಕಡೆ ಎರಿ ಭೂಮಿ ಐತಲ್ಲವ್ವಾ, ಏಪ್ರಿಲ್ ಬಂತು, ಬೇಕಾದಷ್ಟು ಬಿರುಕು ಬಿಟ್ಟಿರ್ತಾವ. ಕೈಯಿಂದ ಮುಟ್ಟಿ ಅಳದು ಬಾ. ಆಮ್ಯಾಲ ಐಸ್‌ಲ್ಯಾಂಡ್ ನೋಡೂಣು” ಅಂದರು.

ಎರೆಮಣ್ಣು ಬಿರಿಯುವ ಕಾರಣ ಬೇರೆಯೇ. ಮಳೆಯಲ್ಲಿ ನೀರು ಹೀರಿ ಉಬ್ಬುವ, ಬಿಸಿಲಿಗೆ ಒಣಗಿ ಕುಗ್ಗುವ ಜಾತಿಯ ಜೇಡಿ ಅದರಲ್ಲಿ ತುಂಬಿರುತ್ತದೆ. ಕುಗ್ಗಿದಾಗ ಹೊಲ ಹೋಳುಹೋಳಾಗಿ ಬಿರಿಯುತ್ತದೆ. ಅಲ್ಲಿ ಶಿಲಾರಸವೂ ಇಲ್ಲ, ಭೂಫಲಕವೂ ಇಲ್ಲ. ಆದರೆ ಬಿರುಕು ಬಿರುಕೇ. ಎರಡು ದಡ, ಒಂದು ಬಾಯಿ, ಎರಡು ತುದಿ.

ಮಾಮಾನ ಹೊಲದಲ್ಲಿ ಹಿಂಗಾರಿ ಜೋಳ ಕೊಯ್ದಾಗಿತ್ತು. ಗೇಣುದ್ದದ ಕೂಳೆಗಳು ಸಾಲುಸಾಲಾಗಿ ನಿಂತಿದ್ದವು. ಸಾಲುಗಳನ್ನು ಕತ್ತರಿಸಿಕೊಂಡು ಬಿರುಕುಗಳು ಎಲ್ಲ ಕಡೆಗೂ ಹಾಯ್ದಿದ್ದವು. ಬೆಳಿಗ್ಗೆ ಐದೂವರೆಗೇ ಹೊರಟು ಹತ್ತರೊಳಗೆ ಮುಗಿಸಬೇಕು, ಆಮೇಲೆ 43 ಡಿಗ್ರಿ ಬಿಸಿಲಲ್ಲಿ ಕಣ್ಣು ಕತ್ತಲೆ ಬರುತ್ತದೆ. ಜೊತೆಗೆ ಮಾಮಾನ ಮಗ, ಒಂಬತ್ತನೆಯ ತರಗತಿಯ ಹುಡುಗ. ನಾನು ಹೇಳಿದ ಅಂಕಿ ಬರೆದುಕೊಳ್ಳುವುದು ಅವನ ಕೆಲಸ. ಬರೆಯುವ ಮೊದಲು ಗಟ್ಟಿಯಾಗಿ ಒಮ್ಮೆ ತಿರುಗಿ ಹೇಳುತ್ತಿದ್ದ. ಇದು ನಾನು ಕಲಿಸಿದ್ದಲ್ಲ, ಸಂತೆಯಲ್ಲಿ ತೂಕ ಬರೆಸುವವರನ್ನು ನೋಡಿ ಬಂದ ರೂಢಿ. ಅದರಿಂದ ಎಷ್ಟು ತಪ್ಪು ತಪ್ಪಿತೋ ಲೆಕ್ಕವಿಲ್ಲ.

ಅಗಲ ಅಳೆಯುವುದೇ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. ಟೇಪು ಅಡ್ಡ ಹಿಡಿದರೆ ಬಿರುಕಿನ ಅಂಚು ಕುಸಿಯುತ್ತದೆ. ದನ ತುಳಿದಲ್ಲಿ ಅಗಲ ಹೆಚ್ಚು, ಪುಡಿಮಣ್ಣು ತುಂಬಿದಲ್ಲಿ ಕಡಿಮೆ. ಎರಡನೆಯ ದಿನ ಊರಿನ ಬಡಿಗೇರ ಕಾಕಾ ಸಾಗವಾನಿ ತುಂಡಿನಲ್ಲಿ ಒಂದು ಬೆಣೆ ಕೆತ್ತಿಕೊಟ್ಟರು. ತುದಿ ಚೂಪು, ಬುಡದಲ್ಲಿ 6 ಸೆಂಟಿಮೀಟರ್ ದಪ್ಪ. ಮೈಮೇಲೆ ಮಿಲಿಮೀಟರಿನ ಗೆರೆ ಹಾಕಿಕೊಂಡೆ. ಅಂಚಿನ ಸಡಿಲ ಮಣ್ಣು ಬಳಿದು ಮುಷ್ಟಿಯಷ್ಟು ಕೆಳಗಿನಿಂದ ಬೆಣೆ ಇಳಿಸಿದರೆ ಎರಡೂ ಗೋಡೆ ತಾಗುವಲ್ಲಿ ನಿಲ್ಲುತ್ತದೆ. ಆ ಗೆರೆಯೇ ಅಗಲ. ಅದೇ ಬಿರುಕನ್ನು ಮೊದಲ ದಿನ ಟೇಪಿನಲ್ಲಿ 5.5 ಸೆಂಟಿಮೀಟರ್ ಅಂತ ಬರೆದಿದ್ದೆ, ಬೆಣೆಯಲ್ಲಿ 3.8 ಬಂತು.

3.8 ಸರಿ ಅಂತ ನನಗೆ ಖಾತ್ರಿಯಾದದ್ದು ಒಂದು ಬೇರಿನಿಂದ. ಅಳೆದ ಜಾಗದಲ್ಲೇ, ಮೇಲಿನಿಂದ ಒಂದು ಗೇಣು ಕೆಳಗೆ, ಎಡಗೋಡೆಯಿಂದ ಜೋಳದ ಬೇರೊಂದು ಹೊರಚಾಚಿತ್ತು. ದಾರದಷ್ಟು ತೆಳು, ತುದಿ ಹರಿದು ನಾರುನಾರಾಗಿತ್ತು. ಟಾರ್ಚು ಹಾಕಿ ಎದುರುಗೋಡೆ ನೋಡಿದೆ. ಅದೇ ಮಟ್ಟದಲ್ಲಿ, ನೇರ ಎದುರಿಗೆ, ಅದೇ ದಪ್ಪದ ಹರಿದ ಬೇರು. ಒಂದೇ ಬೇರಿನ ಎರಡು ತುದಿ. ಬೇರು ಗೋಡೆಯಿಂದ ಹೊರಬರುವ ಎರಡು ಚುಕ್ಕಿಗಳ ನಡುವೆ ಬೆಣೆ ಇಟ್ಟೆ. 3.8. ಮೇಲೂ ಕೆಳಗೂ ಸರಿದಿಲ್ಲ, ಪಕ್ಕಕ್ಕೂ ಸರಿದಿಲ್ಲ. ನೆಲ ಎಷ್ಟು ಸರಿಯಿತು, ಯಾವ ಕಡೆಗೆ ಸರಿಯಿತು ಎರಡನ್ನೂ ಆ ಬೇರು ಒಟ್ಟಿಗೇ ಹೇಳಿತ್ತು. ಸರ್ ಕೇಳಿದ ಪ್ರಶ್ನೆಯ ಅರ್ಥ ಆ ಕ್ಷಣ ನನ್ನ ಕೈಗೆ ಸಿಕ್ಕಿತು.

ಎಲ್ಲ ಬಿರುಕಿನಲ್ಲೂ ಬೇರು ಸಿಗುವುದಿಲ್ಲ. ಆದರೆ ಕೂರಿಗೆಯ ಸಾಲು ಸಿಗುತ್ತದೆ. ನೇರ ಸಾಲು ಬಿರುಕು ದಾಟಿದ ಮೇಲೂ ಅದೇ ನೇರದಲ್ಲಿ ಮುಂದುವರಿದರೆ ದಡಗಳು ಪಕ್ಕಕ್ಕೆ ಜಾರಿಲ್ಲ. 2018ರ ಮೇ ತಿಂಗಳಲ್ಲಿ ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯ ಪೂರ್ವ ಬಿರುಕು ವಲಯದಲ್ಲಿ ಮನೆಗಳ ನಡುವೆಯೇ ನೆಲ ಸೀಳಿ ಒಂದಾದ ಮೇಲೊಂದು 24 ಸೀಳುಗಳಿಂದ ಲಾವಾ ಬಂತು. ಅಲ್ಲಿ ಸೀಳಿದ ಡಾಂಬರು ರಸ್ತೆಯ ನಡುವೆ ಬಳಿದಿದ್ದ ಬಣ್ಣದ ಗೆರೆ ವಿಜ್ಞಾನಿಗಳಿಗೆ ಮಾಡಿಕೊಟ್ಟ ಉಪಕಾರವನ್ನು ನನಗೆ ಮಾಮಾನ ಕೂರಿಗೆ ಮಾಡಿಕೊಟ್ಟಿತು. ಐಸ್‌ಲ್ಯಾಂಡಿನ ಬಯಲಲ್ಲಿ ಗೆರೆಯೂ ಇಲ್ಲ, ಸಾಲೂ ಇಲ್ಲ. ಬಂಡೆಯ ಅಂಚುಗಳನ್ನೇ ಓದಬೇಕು. ಒಂದು ದಡದಲ್ಲಿ ಮೂಗಿನಂತೆ ಮುಂದೆ ಬಂದ ಮೂಲೆಗೆ ಇನ್ನೊಂದು ದಡದಲ್ಲಿ ಸರಿಹೊಂದುವ ಗುಳಿ ಎಲ್ಲಿದೆ ಎಂದು ಹುಡುಕಬೇಕು. ಲಾವಾ ಗಟ್ಟಿಯಾಗಿ ಆದ ಕರಿಕಲ್ಲು ಬಸಾಲ್ಟ್, ತಣ್ಣಗಾಗುವಾಗ ಕಂಬಕಂಬವಾಗಿ ಸೀಳಿರುವುದರಿಂದ ಅಂಚು ಹಲ್ಲುಹಲ್ಲಾಗಿರುತ್ತದೆ, ಹೊಂದಿಸಲು ಅದೇ ಅನುಕೂಲ.

ಆಳದ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ನಂಬಿಕೆ ಇಡುವಷ್ಟು ಏನೂ ಸಿಗುವುದಿಲ್ಲ. ಗೌಂಡಿಯವರ ತೂಗುಗುಂಡು ಇಳಿಬಿಟ್ಟೆ, ತೆಳುವಾದ ಸಲಾಕೆ ಇಳಿಸಿದೆ. 85 ಸೆಂಟಿಮೀಟರಿಗೆ ನಿಂತಿತು. ಅದು ಬಿರುಕಿನ ತಳವಲ್ಲ, ಬಿರುಕು ಕಿರಿದಾಗಿ ಗುಂಡು ಸಿಕ್ಕಿಕೊಂಡ ಜಾಗ. ಜ್ವಾಲಾಮುಖಿಯ ಬಿರುಕು ವಲಯದಲ್ಲೂ ಅಷ್ಟೆ, ಮೇಲಿನಿಂದ ಬಿದ್ದ ಕಲ್ಲು ತುಂಬಿದ ಮಟ್ಟವನ್ನು ಆಳ ಅನ್ನುವ ಹಾಗಿಲ್ಲ. “ಕನಿಷ್ಠ ಇಷ್ಟು” ಅಂತ ಬರೆಯಬೇಕು. ನಾನು ಹಾಗೇ ಬರೆದೆ.

ದಡಗಳ ಮಟ್ಟ ನೋಡಲು ಮಾಮಾ ಮನೆ ಕಟ್ಟುವಾಗ ತಂದಿದ್ದ ಲೆವಲ್ ಪೈಪು ಸಿಕ್ಕಿತು. ನೀರು ತುಂಬಿದ ಪಾರದರ್ಶಕ ಕೊಳವೆ, ಎರಡು ತುದಿ ಎರಡು ದಡದಲ್ಲಿ. ನೀರಿನ ಮಟ್ಟ ಸುಳ್ಳು ಹೇಳುವುದಿಲ್ಲ. ಹನ್ನೆರಡು ಬಿರುಕಿಗೆ ಹಿಡಿದು ನೋಡಿದೆ. ಎಲ್ಲೂ ಒಂದು ದಡ ಇನ್ನೊಂದಕ್ಕಿಂತ ಕುಸಿದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ತಪ್ಪಿನ ಕಥೆ.

ಬಿರುಕುಗಳನ್ನು ಕಂಡಕಂಡಲ್ಲಿ ಆರಿಸಿ ಅಳೆದರೆ ದೊಡ್ಡವೇ ಕಣ್ಣಿಗೆ ಬೀಳುತ್ತವೆ. ಅದಕ್ಕೆ ಪದ್ಧತಿ ಎಂದರೆ ಒಂದು ಹಗ್ಗ ನೇರವಾಗಿ ಹಾಸಿ ಅದನ್ನು ದಾಟುವ ಪ್ರತಿಯೊಂದು ಬಿರುಕನ್ನೂ, ಸಣ್ಣದೋ ದೊಡ್ಡದೋ ಬಿಡದೆ, ಬರೆಯುವುದು. ನಾನು ಬದುವಿನ ಪಕ್ಕಕ್ಕೆ ಪೂರ್ವ–ಪಶ್ಚಿಮವಾಗಿ 30 ಮೀಟರ್ ಹಗ್ಗ ಹಾಸಿದೆ. ನೆರಳಿತ್ತು, ನೆಲ ಸಮವಿತ್ತು, ಅದಕ್ಕೇ ಅಲ್ಲಿ. 41 ಬಿರುಕು ಸಿಕ್ಕವು. ಸಂಜೆ ಮನೆಯಲ್ಲಿ ದಿಕ್ಕುಗಳನ್ನು ಗುಂಪು ಮಾಡಿದೆ. 41ರಲ್ಲಿ 29 ಉತ್ತರ–ದಕ್ಷಿಣದ ಕಡೆಗೇ ವಾಲಿದ್ದವು. ನನ್ನ ತಲೆಯಲ್ಲಿ ಆಗ ಕ್ರಾಫ್ಲಾ ತುಂಬಿತ್ತು. ಅಲ್ಲಿಯೂ ಬಿರುಕುಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣಕ್ಕೇ ಹಾಯ್ದಿವೆ, ನೆಲ ಪೂರ್ವ–ಪಶ್ಚಿಮಕ್ಕೆ ಅಗಲವಾಗುತ್ತದೆ. ಊಟಕ್ಕೆ ಕೂತಾಗ ಮಾಮಾನಿಗೆ ಉತ್ಸಾಹದಿಂದ ಹೇಳಿಬಿಟ್ಟೆ: “ಮಾಮಾ, ನಿಮ್ಮ ಹೊಲದಾನ ಬಿರುಕು ಬಹಳಷ್ಟು ಒಂದೇ ದಿಕ್ಕಿಗ್ಯದಾವ. ನೆಲ ಮೂಡಲಕ್ಕೂ ಪಡುವಲಕ್ಕೂ ಜಗ್ಗಿದಂಗ ಕಾಣ್ತದ.”

ನಾನು ಆಡಿದ್ದು ಇಷ್ಟೇ. ಮರುದಿನ ಸಂಜೆಯೊಳಗೆ ಆ ಮಾತು ಹನುಮಂತ ದೇವರ ಗುಡಿ ಕಟ್ಟೆಗೆ ಹೋಗಿ, ಬೇರೆ ರೂಪ ತಾಳಿ, ಮನೆಮನೆಗೆ ತಿರುಗಿತ್ತು. ಯುನಿವರ್ಸಿಟಿಯಿಂದ ಬಂದ ಹುಡುಗಿ ಅಳತೆ ಮಾಡಿ ಭೂಮಿ ಎರಡು ಹೋಳಾಗ್ಲಾಕತ್ತದ ಅಂತ ಹೇಳ್ಯಾಳಂತ.

ಬೇರೆ ಊರಾಗಿದ್ದರೆ ಜನ ಇದನ್ನು ಕೇಳಿ ಮರೆಯುತ್ತಿದ್ದರೇನೋ. 2021ರ ಅಕ್ಟೋಬರಿನಲ್ಲಿ ಇದೇ ತಾಲ್ಲೂಕಿನ ಗಡಿಕೇಶ್ವರದ ಸುತ್ತ ಭೂಮಿ ಮತ್ತೆ ಮತ್ತೆ ನಡುಗಿತ್ತು. ಪ್ರಮಾಣ ನಾಲ್ಕರ ಆಸುಪಾಸು, ಜೊತೆಗೆ ನೆಲದೊಳಗಿಂದ ಸದ್ದು. ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು, ಕೆಲವರು ಊರನ್ನೇ ಬಿಟ್ಟಿದ್ದರು. ಅದಕ್ಕೂ ಹಿಂದಿನ ನೆನಪು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವದ್ದು. ಗಣಪತಿ ಕಳಿಸಿ ಬಂದು ಮಲಗಿದ್ದ ರಾತ್ರಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪಕ್ಕೆ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಕಲ್ಲು–ಮಣ್ಣಿನ ದಪ್ಪ ಗೋಡೆಯ ಮನೆಗಳು, ನಮ್ಮವೇ ಥರದವು. ಕಲಬುರಗಿ, ಬೀದರಿನವರಿಗೆ ಅದು ಇನ್ನೊಂದು ರಾಜ್ಯದ ಸುದ್ದಿಯಲ್ಲ. ಅಂದು ಇಲ್ಲಿಯ ನೆಲವೂ ಅಲುಗಿತ್ತು.

ಆ ರಾತ್ರಿ ನಮ್ಮ ಅತ್ತಿ ಹಾಸಿಗೆ ಎತ್ತಿ ಅಂಗಳಕ್ಕೆ ಹಾಕಿದರು. “ಸೆಕಿ ಭಾಳ ಅದವ್ವಾ” ಅಂದರು. ಸೆಕೆ ನಿಜವೇ ಇತ್ತು. ಆದರೆ ಪಕ್ಕದ ಮನೆಯ ಮುತ್ಯಾ, ಮಂಡಿ ನೋವಿಗೆ ಹೊಸ್ತಿಲು ದಾಟಲೂ ಕಷ್ಟಪಡುವವರು, ಮೊಮ್ಮಗನ ಹೆಗಲ ಮೇಲೆ ಕೈಹಾಕಿ ಹೊರಗೆ ಬಂದು ಹೊರಸಿನ ಮೇಲೆ ಕೂತದ್ದನ್ನು ನೋಡಿದೆ. ಅವರು ರಾತ್ರಿಯಿಡೀ ಕೂತೇ ಇದ್ದರು. ನನಗೂ ನಿದ್ದೆ ಬರಲಿಲ್ಲ. ವಹಿ ತೆಗೆದು ಅದೇ 41 ಸಾಲು ತಿರುಗಿ ತಿರುಗಿ ನೋಡಿದೆ. ಅಂಕಿಯಲ್ಲಿ ಒಂದೂ ತಪ್ಪಿರಲಿಲ್ಲ. ತಪ್ಪು ಹಗ್ಗದಲ್ಲಿತ್ತು.

ಊರ ಬೀದಿಯ ಬದಿಯಲ್ಲಿ ಕೂತು ಬೀದಿ ದಾಟಿದವರನ್ನು ಮಾತ್ರ ಎಣಿಸಿದರೆ ಏನಾಗುತ್ತದೆ? ಬೀದಿಗುಂಟ ನಡೆದುಹೋದ ಜನ ಎಣಿಕೆಗೆ ಸಿಗುವುದೇ ಇಲ್ಲ. ಪೂರ್ವ–ಪಶ್ಚಿಮದ ಹಗ್ಗವನ್ನು ಉತ್ತರ–ದಕ್ಷಿಣದ ಬಿರುಕು ದಾಟಲೇಬೇಕು. ಪೂರ್ವ–ಪಶ್ಚಿಮಕ್ಕೇ ಹಾಯ್ದ ಬಿರುಕು ಹಗ್ಗದ ಪಕ್ಕದಲ್ಲೇ ಹೋದರೂ ಅದನ್ನು ಮುಟ್ಟುವುದಿಲ್ಲ. ಬಿರುಕುಗಳು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೂ ಒಂದೇ ಹಗ್ಗ ಹಾಸಿದವರಿಗೆ ಹತ್ತರಲ್ಲಿ ಏಳು ಹಗ್ಗಕ್ಕೆ ಅಡ್ಡವಾಗಿಯೇ ಕಾಣುತ್ತವೆ. 41ಕ್ಕೆ ಆ ಲೆಕ್ಕ ಹಾಕಿದರೆ 29 ಬರುತ್ತದೆ. ನನಗೆ ಸಿಕ್ಕಿದ್ದೂ 29! ಇದು ಪಠ್ಯದಲ್ಲಿತ್ತು, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಹೊಲದಲ್ಲಿ ನೆರಳು ನೋಡಿ ಹಗ್ಗ ಹಾಸುವಾಗ ನೆನಪಾಗಲಿಲ್ಲ.

ಬೆಳಕು ಹರಿಯುವ ಮೊದಲೇ ಮಾಮಾನನ್ನೂ ಹುಡುಗನನ್ನೂ ಎಬ್ಬಿಸಿಕೊಂಡು ಹೊಲಕ್ಕೆ ಹೋದೆ. ಮೊದಲ ಹಗ್ಗಕ್ಕೆ ಲಂಬವಾಗಿ, ಉತ್ತರ–ದಕ್ಷಿಣಕ್ಕೆ ಇನ್ನೊಂದು 30 ಮೀಟರ್ ಹಗ್ಗ. ಬಿಸಿಲೇರುವವರೆಗೂ ಅಳೆದೆವು. 38 ಬಿರುಕು. ಅದರಲ್ಲಿ 27 ಪೂರ್ವ–ಪಶ್ಚಿಮದ ಕಡೆಗೆ. ಮೊನ್ನೆಯದಕ್ಕೆ ತದ್ವಿರುದ್ಧ. ಅಗಲಗಳನ್ನೂ ಕೂಡಿಸಿದೆ, ಬರೀ ಕೂಡಿಸಿದರೆ ಸಾಲದು. ಬಿರುಕು ಹಗ್ಗವನ್ನು ಓರೆಯಾಗಿ ದಾಟಿದರೆ ಹಗ್ಗದ ಮೇಲೆ ಕಾಣುವ ಬಾಯಿ ನಿಜವಾದ ಅಗಲಕ್ಕಿಂತ ದೊಡ್ಡದು. ಹಗ್ಗಕ್ಕೂ ಬಿರುಕಿಗೂ ನಡುವಿನ ಕೋನ 30 ಡಿಗ್ರಿ ಇದ್ದರೆ ಹಗ್ಗದ ಮೇಲೆ 4 ಸೆಂಟಿಮೀಟರ್ ಕಂಡದ್ದು ನಿಜದಲ್ಲಿ 2. ಆದರೆ ಹಗ್ಗದ ದಿಕ್ಕಿಗೆ ನೆಲ ಎಷ್ಟು ಕುಗ್ಗಿದೆ ಎಂದು ತಿಳಿಯಬೇಕಾದರೆ ಪ್ರತಿ ಬಿರುಕಿನ ನಿಜ ಅಗಲದಲ್ಲಿ ಆ ದಿಕ್ಕಿನ ಪಾಲನ್ನಷ್ಟೇ ತೆಗೆದು ಕೂಡಿಸಬೇಕು. ಪೂರ್ವ–ಪಶ್ಚಿಮಕ್ಕೆ 57 ಸೆಂಟಿಮೀಟರ್ ಬಂತು, ಉತ್ತರ–ದಕ್ಷಿಣಕ್ಕೆ 54. ಎರಡಕ್ಕೂ ವ್ಯತ್ಯಾಸ ಇಲ್ಲವೆನ್ನುವಷ್ಟು. ಹೊಲ ಯಾವ ಕಡೆಗೂ ಎಳೆಯಲ್ಪಟ್ಟಿರಲಿಲ್ಲ. ಹಂಚಿನ ಮೇಲೆ ಬಿಟ್ಟ ರೊಟ್ಟಿಯಂತೆ ಎಲ್ಲ ಕಡೆಯಿಂದ ಸಮನಾಗಿ ಒಣಗಿತ್ತು.

ಸಂಜೆ ಎರಡೂ ಹಗ್ಗ ಹೆಗಲಿಗೆ ಹಾಕಿಕೊಂಡು ಗುಡಿ ಕಟ್ಟೆಗೆ ಹೋದೆ. ಜನ ಸೇರಿದ್ದರು. ಮೊದಲು “ಮೊನ್ನೆ ನಾ ಹೇಳಿದ್ದು ತಪ್ಪಾಗ್ಯದ” ಅಂದೆ. ಆಮೇಲೆ ಕಟ್ಟೆಯ ಮುಂದಿನ ಮಣ್ಣಲ್ಲಿ ಬಿರುಕು ಬರೆದು, ಒಂದು ಹಗ್ಗ ಹಾಸಿ ಎಣಿಸಿದೆ, ಇನ್ನೊಂದನ್ನು ಅಡ್ಡ ಹಾಸಿ ಎಣಿಸಿದೆ. ಒಬ್ಬ ಹೆಣ್ಣುಮಗಳು ಎಲ್ಲರಿಗಿಂತ ಮುಂಚೆ ತಿಳಿದು, “ಅಂದ್ರ ನೀ ಅಡ್ಡ ಬಂದವ್ರನ್ನಷ್ಟೇ ಎಣಿಸಿದಿ” ಅಂದಳು. ಹೌದು, ಅಷ್ಟೇ.

ಮುತ್ಯಾ ಮಾತ್ರ ಬಿಡಲಿಲ್ಲ. “ಖರೇ ಭೂಮಿ ಸೀಳಿದ್ರ ಹ್ಯಾಂಗ ಗೊತ್ತಾಗ್ತದ, ಅದನ್ನ ಹೇಳು” ಅಂದರು. ಕೇಳಬೇಕಾದ ಪ್ರಶ್ನೆ ಅದೇ. ಹೇಳಿದೆ. ಶಿಲಾರಸ ಕೆಳಗಿನಿಂದ ತಳ್ಳಿ ಸೀಳಿದರೆ ಬಿರುಕುಗಳು ಜಾಲರಿಯಂತೆ ಇರುವುದಿಲ್ಲ, ಒಂದರ ಪಕ್ಕ ಒಂದು ಸಾಲು ಹಿಡಿದು ಕಿಲೋಮೀಟರುಗಟ್ಟಲೆ ಹೋಗುತ್ತವೆ. ಎರಡು ಪಟ್ಟಿಯಾಗಿ ಇರುತ್ತವೆ, ಪಟ್ಟಿಗಳ ನಡುವಿನ ನೆಲ ಕುಸಿದಿರುತ್ತದೆ. ಆ ಎರಡು ಪಟ್ಟಿ ಎಷ್ಟು ದೂರವಿದೆ ಎಂಬುದರಿಂದ ಡೈಕ್‌ನ ತಲೆ ಎಷ್ಟು ಕೆಳಗಿದೆ ಎಂದು ಅಂದಾಜು ಮಾಡುತ್ತಾರೆ. ದೂರವಿದ್ದಷ್ಟೂ ಆಳ. ನಿಮ್ಮ ಹೊಲದ ಬಿರುಕಿನ ಎರಡು ದಡ ಒಂದೇ ಮಟ್ಟದಲ್ಲಿವೆ, ಲೆವಲ್ ಪೈಪಿನಲ್ಲಿ ನೋಡಿದ್ದೇನೆ. ಒಂದು ಬಿರುಕು ಇನ್ನೊಂದಕ್ಕೆ ಹೋಗಿ ಅಡ್ಡ ಬಡಿದು ಅಲ್ಲೇ ನಿಂತಿದೆ, ಅಂದರೆ ಮೊದಲು ಬಿಟ್ಟದ್ದು ಯಾವುದು, ಆಮೇಲಿನದು ಯಾವುದು ಎಂದೂ ಹೇಳಬಹುದು. ಒಣಗಿ ಬಿರಿದ ನೆಲದ ಗುರುತು ಅದು. ಕಿಲ್ಲಾರಿಯದು ಇವೆರಡೂ ಅಲ್ಲ, ಅಲ್ಲಿ ಭೂಮಿ ಎಳೆಯಲ್ಪಡಲಿಲ್ಲ, ಒತ್ತಲ್ಪಟ್ಟು ಒಂದು ಬದಿ ಇನ್ನೊಂದರ ಮೇಲೆ ಏರಿತು.

ಇನ್ನೊಂದನ್ನೂ ಹೇಳಿದೆ. 2023ರ ನವೆಂಬರ್ 10ರ ರಾತ್ರಿ ಐಸ್‌ಲ್ಯಾಂಡಿನ ಗ್ರಿಂಡವಿಕ್ ಎಂಬ ಮೀನುಗಾರರ ಊರಿನ ಕೆಳಗೆ ಡೈಕ್ ನುಗ್ಗಿತು. 3,800ರಷ್ಟು ಜನ ರಾತ್ರೋರಾತ್ರಿ ಊರು ಖಾಲಿ ಮಾಡಿದರು. ಅಳೆಯುವವರು ಇದ್ದದ್ದರಿಂದ ಅದು ಸಾಧ್ಯವಾಯಿತು. ಮುತ್ಯಾ ಕೇಳುತ್ತಾ ಕೂತು ಕೊನೆಗೆ, “ಹಂಗಾದ್ರ ಅಳೀ. ಖರೆ ಎರಡ್ ಸಲ ಅಳದು ಒಂದ್ ಸಲ ಹೇಳು” ಅಂದರು. ಆ ರಾತ್ರಿ ಅವರು ಒಳಗೆ ಮಲಗಿದರು. ಅತ್ತಿ ಮಾತ್ರ ಅಂಗಳದಲ್ಲೇ, ಸೆಕೆ ಇತ್ತಲ್ಲ.

ಮರುದಿನವೇ ಮೊಳೆ ಹೊಡೆದೆ. ಒಂದು ಸಲ ಅಳೆದ ಅಗಲ ಬಿರುಕು ಇವತ್ತು ಹೇಗಿದೆ ಎಂದಷ್ಟೇ ಹೇಳುತ್ತದೆ. ಅದು ಬೆಳೆಯುತ್ತಿದೆಯೇ, ಯಾವ ಕಡೆಗೆ ಎಂದು ತಿಳಿಯಲು ಎರಡೂ ದಡಕ್ಕೆ ಗುರುತು ಬೇಕು. ನಾಲ್ಕು ಬಿರುಕು ಆರಿಸಿ, ಪ್ರತಿಯೊಂದಕ್ಕೂ ಈ ದಡದಲ್ಲಿ ಎರಡು, ಆ ದಡದಲ್ಲಿ ಎರಡು, ನಾಲ್ಕಿಂಚಿನ ಮೊಳೆ. ಒಟ್ಟು ಹದಿನಾರು. ನಾಲ್ಕು ಮೊಳೆ ಒಂದು ಚೌಕದ ಮೂಲೆಗಳು. ಬಿರುಕು ನೇರ ಬಾಯಿಬಿಟ್ಟರೆ ಚೌಕದ ಎರಡೂ ಕರ್ಣಗಳು ಒಂದೇ ಸಮನೆ ಉದ್ದವಾಗುತ್ತವೆ. ದಡಗಳು ಪಕ್ಕಕ್ಕೆ ಜಾರಿದರೆ ಒಂದು ಕರ್ಣ ಉದ್ದವಾಗಿ ಇನ್ನೊಂದು ಮೋಟಾಗುತ್ತದೆ. ಯಾವ ಯಂತ್ರವೂ ಬೇಡ. ಪ್ರತಿ ಭಾನುವಾರ ಕಲಬುರಗಿಯಿಂದ ಬಸ್ಸಿಗೆ ಬಂದು ಅಳೆಯುತ್ತಿದ್ದೆ. ಮೇ ಮೂರನೆಯ ವಾರದವರೆಗೆ ನಾಲ್ಕೂ ಚೌಕ ಅಗಲವಾದವು, ಎರಡೆರಡು ಕರ್ಣಗಳೂ ಜೊತೆಜೊತೆಗೇ ಬೆಳೆದವು.

ಇದೇ ದಿನಗಳಲ್ಲಿ ದಿಕ್ಸೂಚಿಯೂ ಒಂದು ಪಾಠ ಕಲಿಸಿತು. ಮಾಮಾನ ಹೊಲದ ತುದಿಯಲ್ಲಿ ತೋಡಿದ ಹಳೆಯ ಬಾವಿಯಿದೆ. ಮೇಲೆರಡಾಳು ಎರೆಮಣ್ಣು, ಕೆಳಗೆ ಗಟ್ಟಿ ಕರಿಕಲ್ಲು. ಆ ಕಲ್ಲಿನ ಸೀಳುಗಳನ್ನೂ ಅಳೆಯೋಣ ಎಂದು ಮೆಟ್ಟಿಲಿಳಿದು ದಿಕ್ಸೂಚಿಯನ್ನು ಬಂಡೆಗೆ ಆನಿಸಿದರೆ ಒಂದು ಓದು, ಎದೆಮಟ್ಟಕ್ಕೆ ಎತ್ತಿ ಹಿಡಿದರೆ ಇನ್ನೊಂದು. ಬಸಾಲ್ಟಿನಲ್ಲಿ ಕಬ್ಬಿಣದ ಖನಿಜ ಇರುತ್ತದೆ, ಮುಳ್ಳನ್ನು ತನ್ನತ್ತ ಎಳೆಯುತ್ತದೆ. ಉಕ್ಕಿನ ಟೇಪು, ಮೊಬೈಲು, ಕೈಬಳೆಯ ಪಿನ್ನು ಎಲ್ಲವೂ ಎಳೆಯುತ್ತವೆ. ಅಂದಿನಿಂದ ದಿಕ್ಕು ಓದುವಾಗ ಬಂಡೆಯಿಂದ ದೂರ ನಿಂತು, ಸೀಳಿನ ಈ ತುದಿಯಿಂದ ಆ ತುದಿಗೂ ಆ ತುದಿಯಿಂದ ಈ ತುದಿಗೂ ಎರಡು ಸಲ ಗುರಿಹಿಡಿದು, ಎರಡೂ ತಾಳೆಯಾದರೆ ಮಾತ್ರ ಬರೆಯುತ್ತೇನೆ.

ಆ ಬಾವಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗ ಹುಡುಗ ಕೇಳಿದ: “ಅಕ್ಕಾ, ಈ ಕಲ್ಲ ಎಲ್ಲಿಂದ ಬಂತು?” ಈ ಕರಿಕಲ್ಲೂ ಒಂದು ಕಾಲಕ್ಕೆ ಬಿರುಕಿನಿಂದಲೇ ಬಂದದ್ದು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್ನಿನ ಲಾವಾ ಬೆಟ್ಟದ ತುದಿಯಿಂದ ಸುರಿಯಲಿಲ್ಲ, ನೆಲದ ಉದ್ದುದ್ದ ಸೀಳುಗಳಿಂದ ಹೊರಬಂದು ಪದರದ ಮೇಲೆ ಪದರವಾಗಿ ನೂರಾರು ಕಿಲೋಮೀಟರ್ ಹರಿಯಿತು. ಆ ಸೀಳುಗಳಲ್ಲಿ ಗಟ್ಟಿಯಾದ ಡೈಕ್‌ಗಳು ಇಂದಿಗೂ ನರ್ಮದಾ–ತಾಪಿ ಕಣಿವೆಯಲ್ಲೂ ಪಶ್ಚಿಮ ಕರಾವಳಿಯಲ್ಲೂ ಕಾಣುತ್ತವೆ. ಆ ಕಲ್ಲು ಕೊಳೆತು ಎರೆಮಣ್ಣಾಯಿತು, ಎರೆಮಣ್ಣು ತೊಗರಿ ಬೆಳೆಯಿತು. ಹುಡುಗ ತಲೆಯೆತ್ತಿ ಬಾವಿಯ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ನಾನೂ ನೋಡಿದೆ. ನೂರು ಸಲ ಇಳಿದ ಬಾವಿ ಅದು.

ಕಲಬುರಗಿಗೆ ಮರಳಿದ ಮೇಲೆ ಕ್ರಾಫ್ಲಾದ ಕೋಷ್ಟಕವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಿದೆ. ಈ ಸಲ ನೇರ ಎದುರಿನ ಚುಕ್ಕಿಗೆ ಗೆರೆ ಎಳೆಯಲಿಲ್ಲ. ಪ್ರತಿ ಬಿರುಕಿನಲ್ಲೂ ಹೊಂದುವ ಮೂಗು–ಗುಳಿ ಹುಡುಕಿ, ಅವೆರಡರ ನಡುವಿನ ದೂರವನ್ನೂ ದಿಕ್ಕನ್ನೂ ಬರೆದೆ. ಅಂಚು ಕುಸಿದು ಹೊಂದಿಕೆ ಸಿಗದ ಬಿರುಕನ್ನು ಪಕ್ಕಕ್ಕಿಟ್ಟೆ. ಇನ್ನೂರರಲ್ಲಿ ಅರವತ್ತಕ್ಕೂ ಹೆಚ್ಚು ಹಾಗೆ ಹೋದವು. ಸಂಕಟವಾಯಿತು, ಆದರೆ ಟೇಪು ಹಿಡಿದ ಮೊದಲ ದಿನದ 5.5 ನೆನಪಿತ್ತು. ನೆರಳಿನ ವಿಷಯವೂ ಹೊಳೆಯಿತು. ಓರೆ ಬಿಸಿಲಿನ ಚಿತ್ರದಲ್ಲಿ ಬಿಸಿಲಿಗೆ ಅಡ್ಡ ಬಂದ ಬಿರುಕು ಕಪ್ಪಗೆ ಎದ್ದು ಕಾಣುತ್ತದೆ, ಬಿಸಿಲಿನ ಗುಂಟ ಹಾಯ್ದದ್ದು ಮರೆಯಾಗುತ್ತದೆ. ಒಂದೇ ಹಗ್ಗ ಹಾಸಿದ ತಪ್ಪೇ ಇನ್ನೊಂದು ವೇಷದಲ್ಲಿ ಬಂದಿತ್ತು. ಎತ್ತರದ ನಕ್ಷೆಯ ಮೇಲೆ ನಾಲ್ಕು ದಿಕ್ಕಿನಿಂದ ಕೃತಕ ಬೆಳಕು ಬಿಟ್ಟು ನಾಲ್ಕು ಸಲ ನೋಡಿದೆ. ಒಂದೊಂದು ಬಿರುಕನ್ನು ಮೂರು ಬೇರೆ ಬೇರೆ ದಿನ, ಹಿಂದಿನ ಅಂಕಿ ನೋಡದೆ ಅಳೆದೆ.

ಈಗ ಬಿರುಕುಗಳ ಆಕಾರ ಕಾಣತೊಡಗಿತು. ಒಂಟಿ ಬಿರುಕು ನಡುವೆ ಅಗಲ, ಎರಡು ತುದಿಗೆ ಸಣ್ಣ, ನೂಲು ತುಂಬಿದ ಕದಿರಿನ ಹಾಗೆ. ಉದ್ದದ ಬಿರುಕೊಂದರಲ್ಲಿ ಅಗಲ ಏರಿ, ಇಳಿದು, ಮತ್ತೆ ಏರಿದರೆ ಅದು ಎರಡು ಬಿರುಕು ಬೆಳೆಯುತ್ತಾ ಬಂದು ಕೂಡಿಕೊಂಡದ್ದು. ಹಾಗಾದರೆ ಅದರ ಉದ್ದವನ್ನು ಒಂದೆಂದು ಬರೆಯಬೇಕೋ ಎರಡೆಂದೋ? ಇದಕ್ಕೆ ಎಲ್ಲರೂ ಒಪ್ಪುವ ನಿಯಮ ಬೇಕಿಲ್ಲ, ಆದರೆ ಅಳೆಯುವವರು ತಮ್ಮ ನಿಯಮವನ್ನು ಮೊದಲೇ ಬರೆದಿಡಬೇಕು. ದಡಗಳ ನಡುವೆ ಮುರಿಯದ ಸೇತುವೆ ಉಳಿದಿದ್ದರೆ ಎರಡು, ಸೇತುವೆ ಮುರಿದಿದ್ದರೆ ಒಂದು. ನಾನು ಹಾಗೆ ನಿಶ್ಚಯಿಸಿ ಕೊನೆಯವರೆಗೂ ಬದಲಿಸಲಿಲ್ಲ. ಹೊಂದಿಕೆ ಸಿಕ್ಕ ಬಿರುಕುಗಳು ಬಾಯಿಬಿಟ್ಟ ದಿಕ್ಕುಗಳನ್ನು ಒಂದು ವೃತ್ತದಲ್ಲಿ ಇಳಿಸಿದಾಗ ಬಹುಪಾಲು ಬಾಣಗಳು ಪೂರ್ವಕ್ಕೆ, ಸ್ವಲ್ಪವೇ ದಕ್ಷಿಣಕ್ಕೆ ಓರೆಯಾಗಿ ಹೋಗಿ ಬಿದ್ದವು. ಫಲಕಗಳು ಸರಿಯುವ ದಿಕ್ಕೂ ಅದೇ. ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಒಂದು ಅಂಕಿಯ ಮೇಲೆ ಬೆರಳಿಟ್ಟು ಮೊದಲಿನ ಪ್ರಶ್ನೆಯನ್ನೇ ಕೇಳಿದರು. ಚಿತ್ರ ತೆರೆದು ಎರಡು ಚುಕ್ಕಿ ತೋರಿಸಿದೆ.

ಜೂನ್ ಮೊದಲ ವಾರ ಮಳೆ ಚೆನ್ನಾಗಿ ಬಿತ್ತು. ಭಾನುವಾರ ಹೊಲಕ್ಕೆ ಹೋದಾಗ ಬಿರುಕುಗಳ ಬಾಯಿ ಮುಚ್ಚಿತ್ತು, ಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರ. ಚೌಕಗಳನ್ನು ಕೊನೆಯ ಸಲ ಅಳೆದೆ. ಎರಡು ತಿಂಗಳು ಬೆಳೆದಷ್ಟೂ ಹಿಂದಕ್ಕೆ ಬಂದಿತ್ತು. ಮುಂದಿನ ಭಾನುವಾರ ಮಾಮಾ ಫೋನ್ ಮಾಡಿದರು: “ಹೊಲ ಹದ ಆಗ್ಯದವ್ವಾ, ಕುಂಟಿ ಹೊಡೀಬೇಕು. ನಿನ್ನ ಮೊಳಿ ತಗದ್ರ ಎತ್ತ ಹೂಡ್ತೀನಿ. ಎತ್ತಿನ ಕಾಲಿಗಿ ಚುಚ್ಚೀತು.”

ಹೋದೆ. ಹದಿನೈದು ಮೊಳೆ ಸಿಕ್ಕವು, ಹದಿನಾರನೆಯದು ಇಲ್ಲ. ಮೂರನೆಯ ಚೌಕದ ಪಶ್ಚಿಮ ದಡದ್ದು. ಬಿರುಕಿನ ಅಂಚು ಕುಸಿದು ಮೊಳೆ ಒಳಗೆ ಜಾರಿ, ಮೇಲೆ ಮಣ್ಣು ಮುಚ್ಚಿಕೊಂಡಿತ್ತು. ಹುಡುಗನೂ ನಾನೂ ಕುರ್ಪಿ ಹಿಡಿದು ಕೆದಕಿದೆವು. ಮಾಮಾ ಎತ್ತುಗಳನ್ನು ಬದುವಿನ ಮೇಲೆ ನಿಲ್ಲಿಸಿಕೊಂಡು ಕಾದರು, ಒಮ್ಮೆಯೂ ಬೇಗ ಮಾಡಿ ಅನ್ನಲಿಲ್ಲ. ಅರ್ಧ ಗಂಟೆ ಹೋಯಿತು. ಹುಡುಗ ಇದ್ದಕ್ಕಿದ್ದಂತೆ ನನ್ನ ಚೀಲಕ್ಕೆ ಕೈಹಾಕಿ ದಿಕ್ಸೂಚಿ ತೆಗೆದ. “ಅಕ್ಕಾ, ಬಾವ್ಯಾಗ ಕಲ್ಲಿಗೇ ತಿರುಗಿತ್ತಲ್ಲ ಇದು?”

ಮಣ್ಣಿಗೆ ತಾಗುವಷ್ಟು ಕೆಳಗೆ ಹಿಡಿದು ಗೇಣು ಗೇಣು ಸರಿಸುತ್ತಾ ಹೋದ. ಮುಳ್ಳು ಉತ್ತರ ಬಿಟ್ಟು ಕದಲಲಿಲ್ಲ. ಇನ್ನೊಂದು ಗೇಣು. ಮತ್ತೊಂದು. ಮುಚ್ಚಿದ ಬಿರುಕಿನ ಗೆರೆಯ ಮೇಲೆ ಬಂದಾಗ ಮುಳ್ಳು ನಡುಗಿ, ಮೆಲ್ಲಗೆ ಬಲಕ್ಕೆ ಹೊರಳಿ, ಅಲ್ಲೇ ನಿಂತಿತು. ನಾನು ಕುರ್ಪಿ ಇಳಿಸಿದೆ. ನಾಲ್ಕು ಬೆರಳು ಕೆಳಗೆ ಕಬ್ಬಿಣ ತಾಗಿತು. ಹುಡುಗ ಮೊಳೆ ಎಳೆದು, ಮಣ್ಣು ಒರೆಸಿ, ಉಳಿದ ಹದಿನೈದರ ಜೊತೆ ಇಟ್ಟು ಇನ್ನೊಮ್ಮೆ ಗಟ್ಟಿಯಾಗಿ ಎಣಿಸಿದ. ಹದಿನಾರು ಅಂದದ್ದು ಕೇಳಿ ಮಾಮಾ ಎತ್ತುಗಳನ್ನು ಬದುವಿನಿಂದ ಇಳಿಸಿದರು.